ವಿಕಾಸಕ್ಕೆ ಮೊಸರಿನ ಸಾಕ್ಷಿ

ಜೀವವು ಕೋಟಿಗಟ್ಟಲೆ ವರ್ಷಗಳಿಂದ ಮೆಲ್ಲಮೆಲ್ಲನೆ ರೂಪ ಬದಲಿಸುತ್ತ ಬಂದಿದೆ; ಅದನ್ನು ಕಣ್ಣಾರೆ ಕಾಣುವಷ್ಟು ಆಯುಸ್ಸು ಮನುಷ್ಯನಿಗಿಲ್ಲ. ನನ್ನ ಭಾವನಿಗಂತೂ ಅದನ್ನು ಕೇಳಿಸಿಕೊಳ್ಳುವ ಪುರುಸೊತ್ತೂ ಇರಲಿಲ್ಲ.

ಭಾವ ಎಂದರೆ ಅಕ್ಕನ ಗಂಡ. ಮುಂಬಯಿಯಲ್ಲಿ ಬಹುಕಾಲ ಹೋಟೆಲು ನಡೆಸಿ, ತಮ್ಮೂರು ಹಟ್ಟಿಯಂಗಡಿಗೆ ಬಂದು ಮನೆ ಕಟ್ಟಿಸಿ, ಕೈ ಸುಮ್ಮನಿರದೆ ಕುಂದಾಪುರದ ಪೇಟೆಯಲ್ಲಿ ಇನ್ನೊಂದು ಹೋಟೆಲು ತೆರೆದವರು. ಮೊಸರಿನ ವಿಷಯದಲ್ಲಿ ಅವರ ಮಾತಿನ ಮೇಲೆ ಅಪೀಲಿರಲಿಲ್ಲ. ತಪ್ಪಲೆಯನ್ನು ಓರೆ ಮಾಡಿ, ಚಮಚದ ಬೆನ್ನಿನಿಂದ ಒಮ್ಮೆ ಒತ್ತಿ ತೀರ್ಪು ಕೊಡುತ್ತಿದ್ದರು. ಮಿಕ್ಕ ಎಲ್ಲ ವಿಷಯಗಳಿಗೂ ಅದೇ ಚಮಚ ಸಾಕೆಂದು ನಂಬಿದ್ದರು ಎಂಬುದಷ್ಟೇ ನಮ್ಮ ತೊಂದರೆ.

ನಾನು ಜೀವಶಾಸ್ತ್ರ ಪಾಠ ಮಾಡುತ್ತಿದ್ದ ಕಾಲೇಜಿನಲ್ಲೇ ಅವರ ಮಗಳು ಎರಡನೇ ಪಿಯುಸಿಯಲ್ಲಿದ್ದಳು. ಮೊಬೈಲು ಫೋನು ಇನ್ನೂ ಇಟ್ಟಿಗೆಯಷ್ಟು ದಪ್ಪವಿದ್ದ ಕಾಲ. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಸೂಕ್ಷ್ಮಜೀವಿಗಳ ಮೇಲೆ, ಅವುಗಳ ವಿಕಾಸದ ಮೇಲೆ ಬಿ.ಎಸ್ಸಿ. ಮಾಡಬೇಕೆಂಬುದು ಅವಳ ಹಟ. ಕುಂದಾಪುರದಲ್ಲೇ ಬಿ.ಕಾಂ. ಮಾಡಿ ಸಂಜೆ ಹೋಟೆಲಿನ ಕ್ಯಾಶಿನಲ್ಲಿ ಕೂರಬೇಕೆಂಬುದು ಅಪ್ಪನ ಹಟ. ಅಕ್ಕ ಇಬ್ಬರಿಗೂ ಸಮನಾಗಿ ಬಡಿಸುತ್ತ ತಟಸ್ಥ ನೀತಿ ಕಾಪಾಡಿಕೊಂಡಿದ್ದಳು.

ಒಂದು ಭಾನುವಾರ ಅವರ ಜಗಲಿಯಲ್ಲಿ ವಿಚಾರಣೆ ಶುರುವಾಯಿತು.

"ಮಾಷ್ಟ್ರೆ, ಮಂಗ ಮನ್ಷ ಆದ್ದನ್ನ್ ನೀವ್ ಕಂಡಿದ್ರ್ಯಾ?"

"ಇಲ್ಲೆ ಭಾವ."

"ನಿಮ್ಮ ಅಪ್ಪಯ್ಯ?"

"ಅವ್ರೂ ಇಲ್ಲೆ."

"ಯಾರೂ ಕಾಣದ್ದನ್ನ್ ಕಲುಕೆ ಇವ್ಳ್ ಮಂಗ್ಳೂರಿಗೆ ಹೋಪ್ದ್ ಎಂತಕೆ? ಹಾಂಗಿಪ್ಪ ಕತೆ ಹಟ್ಟಿಯಂಗ್ಡಿಯಲ್ಲೇ ಸುಮಾರ್ ಇತ್ತ್."

ಮಗಳು ಒಳಗಿನಿಂದ ಬಂದಳು. "ಕಣ್ಣಿಗೆ ಕಾಂಬ ಹಾಂಗೆ ತೋರ್ಸಿರೆ ಕಳ್ಸ್ತ್ರಿಯಾ ಅಪ್ಪಯ್ಯ?"

"ತೋರ್ಸ್ ಕಾಂಬ. ನಂಗೆ ಗೊತ್ತಿಪ್ಪ ವಸ್ತುವಲ್ಲಿ ತೋರ್ಸ್ಕ್. ನೊಣ ಗಿಣ ಎಲ್ಲ ಬ್ಯಾಡ."

ಅವರಿಗೆ ಗೊತ್ತಿದ್ದ ವಸ್ತು ಮೊಸರು. ಅವಳಿಗೂ ಅದೇ ಬೇಕಿತ್ತು. ಮೊಸರೆಂದರೆ ಹಾಲಿನಲ್ಲಿ ಸಂಸಾರ ಹೂಡಿದ ಬ್ಯಾಕ್ಟೀರಿಯಾಗಳು. ನಾವು ಒಂದು ನಿದ್ದೆ ಮುಗಿಸುವಷ್ಟರಲ್ಲಿ ಅವುಗಳ ಮೊಮ್ಮಕ್ಕಳಿಗೂ ಮೊಮ್ಮಕ್ಕಳಾಗಿರುತ್ತವೆ.

ದೀಪಾವಳಿ ಕಳೆದ ಮೇಲೆ ಭಾವನ ಹೋಟೆಲಿನ ಒಂದೇ ತಪ್ಪಲೆಯ ಮೊಸರು ನಮ್ಮ ಪ್ರಯೋಗಾಲಯಕ್ಕೆ ಬಂದು ನಾಲ್ಕು ಪಾತ್ರೆಗಳಲ್ಲಿ ಹೆಪ್ಪಾಯಿತು. ಎರಡು ಪಾತ್ರೆ ಕಿಟಕಿಯ ಹತ್ತಿರದ ಹಲಗೆಯ ಮೇಲೆ. ಇನ್ನೆರಡು ಹಳೆಯ ಕಾವುಪೆಟ್ಟಿಗೆಯೊಳಗೆ, ಕೈಯಿಟ್ಟರೆ ತಟ್ಟನೆ ಹಿಂದೆಗೆಯುವಷ್ಟು ಬಿಸಿಯಲ್ಲಿ; ಆ ಬಿಸಿಗೆ ಒಗ್ಗುವ ಸಂತಾನ ಬರುತ್ತದೋ ನೋಡಲು. ದಿನಾ ನಿನ್ನೆಯ ಮೊಸರಿನಿಂದ ಒಂದು ಚಮಚ, ಕಾಯಿಸಿ ಆರಿಸಿದ ಹೊಸ ಹಾಲಿಗೆ. ಒಂದರ ಚಮಚ ಇನ್ನೊಂದಕ್ಕೆ ತಾಗುವಂತಿಲ್ಲ. ಮಡಿಯ ವಿಷಯದಲ್ಲಿ ನನ್ನ ಅಜ್ಜಿಯೂ ಇಷ್ಟು ಕಟ್ಟುನಿಟ್ಟಿರಲಿಲ್ಲ. ಕರೆಂಟು ಹೋದರೆ ಹುಡುಗಿ ಪೆಟ್ಟಿಗೆಗೆ ಗೋಣಿ ಹೊದೆಸಿ ಕಾವು ಆರದಂತೆ ಕಾಯುತ್ತಿದ್ದಳು. ಮೊದಮೊದಲು ಬಿಸಿಯ ಮೊಸರು ಮೊಸರೇ ಆಗಲಿಲ್ಲ. ನೀರೇ ನೀರು. ಕಾಲೇಜಿನ ಅಂಗಳದ ನಾಯಿ ಅದನ್ನು ಮೂಸಿ, ಯೋಚಿಸಿ, ಹೊರಟುಹೋಯಿತು. ಸಂಕ್ರಾಂತಿ ದಾಟಿದ ಮೇಲೆ ಅದು ಸಣ್ಣಗೆ ಕಟ್ಟಿಕೊಳ್ಳತೊಡಗಿತು.

ಪರೀಕ್ಷೆ ಮುಗಿದ ಮೇಲೆ ತೀರ್ಪಿನ ದಿನ. ಬೆಳಿಗ್ಗೆ ನಾಲ್ಕೂ ಹೆಪ್ಪನ್ನು ಒಂದೇ ಹಾಲಿಗೆ ಹಾಕಿ, ನಾಲ್ಕು ಪಾತ್ರೆಯನ್ನೂ ಬಿಸಿ ಪೆಟ್ಟಿಗೆಯಲ್ಲಿಟ್ಟೆವು. ಮಧ್ಯಾಹ್ನ ಭಾವ ಇಸ್ತ್ರಿ ಅಂಗಿ ಹಾಕಿಕೊಂಡು, ಚಮಚ ಮನೆಯಿಂದಲೇ ತಂದು, ಬಂದರು. ಕಿಟಕಿಯ ಹೆಪ್ಪು ಹಾಕಿದ್ದೆರಡೂ ಒಡೆದ ನೀರು. ಬಿಸಿಯಲ್ಲೇ ಬೆಳೆದ ಹೆಪ್ಪಿನವೆರಡೂ ಗಟ್ಟಿ. ಓರೆ ಮಾಡಿದರು, ಒತ್ತಿದರು.

"ಕಟ್ಟಿತ್ತ್. ಒಪ್ಪಿದೆ. ಆದ್ರೆ ಪೆಟ್ಗಿಗೆ ಕಾವ್ ಕೊಟ್ಟದ್ದ್ ನೀನ್. ಲೋಕಕ್ಕೆ ಕಾವ್ ಕೊಡುಕೆ ಯಾರ್ ಕೂಕಂಡಿದ್ರ್?"

"ಲೋಕದಲ್ಲ್ ಏಪ್ರಿಲ್ಲು ಮೇ ಇಲ್ಯಾ ಅಪ್ಪಯ್ಯ? ಕಾವ್ ನಾನ್ ಕೊಟ್ಟೆ. ಯಾವ್ದ್ ಉಳಿಕ್, ಯಾವ್ದ್ ಸಾಯ್ಕ್ ಅಂತ ನಾನ್ ಆರ್ಸಲಿಲ್ಲೆ."

ಭಾವ ಸ್ಟೂಲಿನ ಮೇಲೆ ಕೂತರು. "ಕಾಣ್, ಸೆಕಿಗಾಲದಲ್ಲ್ ನನ್ನ ಅಡ್ಗಿಮನಿಂದ ಅರ್ಧ ಜನ ಓಡಿ ಹೋತ್ರ್. ಸೆಕೆ ತಡ್ಕಂಬವ್ರ್ ಉಳಿತ್ರ್. ಹಾಂಗಂತ ಅವ್ರ್ ಬದ್ಲಾದ್ರಾ? ಮೊದ್ಲೇ ಹಾಂಗಿದ್ದವ್ರ್."

ಇಂಥದೊಂದು ಪ್ರಶ್ನೆ ಕ್ಲಾಸಿನಲ್ಲಿ ಯಾರಾದರೂ ಕೇಳಲಿ ಎಂದು ವರ್ಷಗಟ್ಟಲೆ ಕಾದಿದ್ದೆ. ಬಂದದ್ದು ಈಗ, ಇಲ್ಲಿ, ಈ ಬಾಯಿಂದ.

"ವಿಕಾಸದಲ್ಲ್ ಅರ್ಧ ಅಂದ್ರೆ ಅದೇ ಅಪ್ಪಯ್ಯ," ಅಂದಳು ಅವಳು. "ಉಳ್ದವ್ರ ಮಕ್ಕಳೇ ಮುಂದೆ ಅಡ್ಗಿಮನಿ ತುಂಬುದ್."

"ನನ್ನ ಅಡ್ಗಿಮನಿಯಲ್ಲ್ ಮಕ್ಕಳ್ ಹೆರುಕೆ ಪುರ್ಸೊತ್ತ್ ಕೊಡುದಿಲ್ಲೆ. ಇನ್ನರ್ಧ ಎಂತ?"

ಅವಳನ್ನು ಪಾರು ಮಾಡಲು ನಾನು ಬಾಯಿ ತೆರೆದೆ.

"ಮಾವ, ನೀವ್ ಒಂಚೂರ್ ಸುಮ್ನಿರಿ," ಅಂದು ಅವಳು ಅಪ್ಪನ ಕಡೆ ತಿರುಗಿದಳು. ನಿಮ್ಮ ಮೊಸರಿನಲ್ಲಿ ಮೊದಲೇ ಹಲವು ಜಾತಿಯವು ಇದ್ದವು. ಬಿಸಿ ತಡೆಯುವವು ಉಳಿದವೋ, ಅಥವಾ ಒಂದು ಜಾತಿ ತಾನೇ ಬದಲಾಯಿತೋ, ಈ ಪಾತ್ರೆ ಹೇಳುವುದಿಲ್ಲ ಎಂದಳು. ಒಂದೇ ಒಂದು ಬ್ಯಾಕ್ಟೀರಿಯಾದಿಂದ ಸಂಸಾರ ಶುರು ಮಾಡಿಸಬೇಕು. ಆಮೇಲೆ ಅದರ ಸಂತಾನದಲ್ಲಿ ಹೊಸ ಗುಣ ಕಂಡರೆ, ಮೊದಲೇ ಬೆರೆತಿತ್ತು ಎನ್ನುವಂತಿಲ್ಲ. "ಹಾಂಗೆ ಒಂದನ್ನೇ ಬೇರೆ ಮಾಡುಕೆ ನಂಗೆ ಬತ್ತಿಲ್ಲೆ. ಬದ್ಲಾಯ್ತಾ ಅಂದ್ರೆ, ಗೊತ್ತಿಲ್ಲೆ."

ಪ್ರಯೋಗಾಲಯದ ಸಾಕ್ಷಿ ಇಷ್ಟೇ ಎಂದು ನನಗೂ ಅಂದೇ ಸ್ಪಷ್ಟವಾದದ್ದು. ಲೋಕದಲ್ಲಿ ಹಿಂದೆ ಏನು ನಡೆಯಿತೆಂದು ಅದು ಹೇಳಲಾರದು. ಅದಕ್ಕೆ ಕಲ್ಲಿನೊಳಗಿನ ಎಲುಬುಗಳನ್ನು ಕೇಳಬೇಕು. ನಡೆಯಿತೆಂದು ನಾವು ಹೇಳುವ ಬದಲಾವಣೆ ನಡೆಯಬಲ್ಲದು, ಹೀಗೆ ನಡೆಯುತ್ತದೆ ಎಂದು ಮಾತ್ರ ಅದು ಹೇಳುತ್ತದೆ. ಕಂಡಷ್ಟನ್ನೇ ಹೇಳುವ ಸಾಕ್ಷಿ ಕೋರ್ಟಿನಲ್ಲೂ ಅಪರೂಪ. ಆದರೆ ಆ ಕ್ಷಣಕ್ಕೆ ನನಗನಿಸಿದ್ದು, ಹುಡುಗಿ ಗೆಲ್ಲುವ ಕೇಸನ್ನು ತಾನಾಗಿ ಸೋತಳು ಎಂದೇ.

ಭಾವ ಚಮಚ ತೊಳೆದು ಜೇಬಿಗಿಟ್ಟು ಹೊರಗೆ ನಡೆದರು. ನಾನು ಸ್ಕೂಟರಿನವರೆಗೆ ಹಿಂದೆಯೇ ಹೋದೆ.

"ಗೊತ್ತಿಲ್ಲೆ ಅಂದ್ಳಲೆ ಮಾಷ್ಟ್ರೆ. ಅದ್ ನೀವ್ ಹೇಳಿಕೊಟ್ಟದ್ದಾ?"

"ಅಲ್ಲ ಭಾವ. ನಂಗೇ ಅದ್ ಅಭ್ಯಾಸ ಇಲ್ಲೆ."

"ಅದ್ ನಂಗೊತ್ತಿತ್ತ್." ಸ್ಕೂಟರನ್ನು ಒದ್ದರು, ಅದು ಹೊರಡಲಿಲ್ಲ. "ಮೊಸ್ರ್ ಹುಳಿ ಬಂದ್ರೆ ಹುಳಿ ಬಂದಿತ್ತ್ ಅಂಬ ಒಬ್ಬ ಜನ ನಂಗೆ ಮುಂಬಯಿಯಲ್ಲೂ ಸಿಕ್ಲಿಲ್ಲೆ, ಇಲ್ಲೂ ಸಿಕ್ಲಿಲ್ಲೆ. ಇವ್ಳನ್ನ್ ಕ್ಯಾಶಿನಲ್ಲ್ ಕೂರ್ಸಿರೆ ಗಿರಾಕಿಗೂ ಹಾಂಗೇ ಹೇಳ್ತ್ಳ್. ಹೋಟ್ಲ್ ಮುಚ್ಚುಕೇ ಸೈ." ಇನ್ನೊಮ್ಮೆ ಒದ್ದರು. "ಆ ಒಂದನ್ನೇ ಬ್ಯಾರೆ ಮಾಡುಕೆ ಕಲ್ಸುವವ್ರ್ ಮಂಗ್ಳೂರಲ್ಲಿ ಇದ್ರಾ?"

"ಇದ್ರ್ ಭಾವ."

"ಹಾಂಗಾರೆ ಅಲ್ಲಿಗೇ ಹೋಯ್ಲಿ."

ಜೂನಿನಲ್ಲಿ ಅವಳು ಮಂಗಳೂರಿನ ಕಾಲೇಜಿಗೆ ಬಿ.ಎಸ್ಸಿ. ಸೇರಿದಳು.