ಕುಣಿಗೆ ಕೈ ಹಾಕುತ್ತಿದ್ದ ಶಂಕ್ರೆಪ್ಪ

ಶಂಕ್ರೆಪ್ಪ ಯಾರ ಮನೆಗೆ ಬಂದರೂ ಮೊದಲು ಕೂಡುತ್ತಿರಲಿಲ್ಲ. ಚಪ್ಪಲಿ ಬಿಟ್ಟು ನೇರ ಮಗ್ಗದ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ನೇಯುವವರು ಕಾಲು ಇಳಿಬಿಡುವ ಕುಣಿಯೊಳಗೆ ಬಾಗಿ ಕೈ ಹಾಕುತ್ತಿದ್ದ. ತಳದಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕುತ್ತಿದ್ದ, ಮೂಸುತ್ತಿದ್ದ. ಆಮೇಲೆ ಕೇಳುತ್ತಿದ್ದ: "ಕುಣಿ ಹಸಿ ಐತೋ, ಒಣಗೇತೋ?"

ಮಂದಿ ಆರಾಮ ಇದ್ದೀರೇನ್ರಿ ಎಂದು ಕೇಳುವ ಹಾಗೆ ಅವನು ಇದನ್ನು ಕೇಳುತ್ತಿದ್ದ. ಮಣ್ಣು ಕೈಯಲ್ಲೇ ಇದೆ, ಇವನಿಗೆ ಗೊತ್ತಾಗುವುದಿಲ್ಲವೇ ಎಂದು ನನಗೆ ನಗು ಬರುತ್ತಿತ್ತು. ಗೊತ್ತಾಗುತ್ತಿತ್ತು. ಮನೆಯವರ ಬಾಯಿಂದ ಕೇಳುವುದು ಅವನಿಗೆ ಬೇಕಾಗಿತ್ತು.

ಅವನು ನಮ್ಮ ರಬಕವಿಯ ಓಣಿಯವನೇ, ನನಗಿಂತ ಏಳೆಂಟು ವರ್ಷ ಸಣ್ಣವನು. ಮೊದಲು ನೇಯುತ್ತಿದ್ದ. ಮೊಣಕಾಲು ಹಿಡಿದುಕೊಂಡ ಮೇಲೆ ಮಗ್ಗ ಬಿಟ್ಟು ವಿಮೆ ಕಂಪನಿಯೊಂದರ ಏಜೆಂಟನಾದ. ಕೊಕ್ಕರೆಯಂಥ ಉದ್ದನೆಯ ಮನುಷ್ಯ, ಕಿವಿಗೆ ಸಿಗಿಸಿದ ಪೆನ್ನು, ಬಗಲಲ್ಲಿ ಒಂದು ಹಲಗೆ. ಉಳಿದ ಏಜೆಂಟರು ಸಾಯುವ ಮಾತಾಡಿ ಪಾಲಿಸಿ ಮಾರುತ್ತಿದ್ದರು. ಇವನು ನೀರಿನ ಮಾತಾಡುತ್ತಿದ್ದ. ಮಗ್ಗಕ್ಕೆ, ನೂಲಿಗೆ, ಮನೆಗೆ ಹೊಳೆಯ ವಿಮೆ ಮಾಡಿಸಿರಿ ಎಂದು ಬೆನ್ನು ಹತ್ತುತ್ತಿದ್ದ. ನಾನು ಎರಡನೇ ಇಯತ್ತೆ ಕಲಿತವಳು. ಹೊಳೆಯ ದಂಡೆಯ ಊರಲ್ಲಿ ಬಾಳ್ವೆ ಮಾಡಿಯೂ ಹೊಳೆ ಹೇಗೆ ಬರುತ್ತದೆ ಎಂದು ನಾನು ಕಲಿತದ್ದು ಇವನಿಂದ.

ಒಂದು ಶ್ರಾವಣದಲ್ಲಿ ಕಣ್ಣು ಕುಕ್ಕುವ ಬಿಸಿಲು ಬಿದ್ದಿತ್ತು. ನಾನು ಗೋಧಿ ತೊಳೆದು ಮಾಳಿಗೆಯ ಮೇಲೆ ಒಣಹಾಕಿದ್ದೆ. ಇವನು ಮನೆಮನೆಗೆ ಹೋಗಿ ನೂಲು ಮೇಲೆ ಎತ್ತಿಡಿರಿ ಎಂದು ಹೇಳುತ್ತ ಬಂದ. ಇಂಥ ಬಿಸಿಲಲ್ಲಿ ಹೊಳೆ ಬರುತ್ತದೇನೋ ಹುಚ್ಚಪ್ಪಾ ಎಂದು ನಾನು ಮೇಲಿನಿಂದಲೇ ನಕ್ಕೆ.

"ಗೋಧಿ ಒಣಗಾಕ ನಮ್ಮೂರ ಬಿಸಲ ಬೇಕು ಯಕ್ಕಾ. ಹೊಳಿ ಬರಾಕ ನಮ್ಮೂರ ಮಳಿ ಬೇಕಾಗಿಲ್ಲ. ಘಟ್ಟದಾಗ ಸುರಿದದ್ದು ಇಲ್ಲಿಗೆ ನಡಕೋತ ಬರತೈತಿ, ಅದಕ್ಕೇನ ಬಸ್ ತಪ್ಪತೈತಿ?" ಎಂದು ಮುಂದಿನ ಮನೆಗೆ ಹೋದ.

ಮೂರನೇ ದಿನ ಗೋಧಿ ಖಣಖಣ ಒಣಗಿತ್ತು. ಓಣಿಯ ಬಾಯಿಗೆ ಹೊಳೆ ಬಂದು ನಿಂತಿತ್ತು. ಆ ಸಲ ಒಳಗೆ ಬರಲಿಲ್ಲ.

ಅವನ ಬಗಲ ಹಲಗೆಯ ವಿಷಯ ಹೇಳಬೇಕು. ಅದರ ಮೇಲೆ ಓಣಿಯ ಒಂದೊಂದು ಮನೆಗೆ ಒಂದೊಂದು ಮೊಳೆ ಬಡಿದು, ಮೊಳೆಗೆ ನೂಲು ಸುತ್ತಿದ್ದ. ಹೊಳೆ ಓಣಿಗೆ ಏರಿದಾಗಲೆಲ್ಲ ನೀರು ಕಾಣುವ ಮನೆಗೆ ಕೆಂಪು, ಬಹಳ ದೊಡ್ಡ ಹೊಳೆ ಬಂದರೆ ಮಾತ್ರ ನೀರು ಕಾಣುವ ಮನೆಗೆ ಹಳದಿ, ಎಂದೂ ಕಾಣದ ಮನೆಗೆ ಬಿಳಿ. ಹೊಳೆಯ ಮಗ್ಗುಲಲ್ಲಿ ದಿಬ್ಬದ ಮೇಲಿದ್ದ ಮನೆಗೆ ಬಿಳಿ ನೂಲಿತ್ತು. ಹೊಳೆಯಿಂದ ಅಷ್ಟು ದೂರ, ಹಳ್ಳದ ಕಡೆ ಇರುವ ನಮ್ಮ ಮನೆಗೆ ಕೆಂಪು. ನಾನು ಜಗಳ ತೆಗೆದೆ.

"ಇದು ದೂರದ ಮಾತಲ್ಲ ಯಕ್ಕಾ, ತಗ್ಗಿನ ಮಾತು," ಎಂದ. "ಮ್ಯಾಲಿನ ಡ್ಯಾಮಿನಿಂದ ನೀರ ಬಿಡತಾರ, ಕೆಳಗಿನ ಡ್ಯಾಮ ತುಂಬಿ ನಿಂತಿರತೈತಿ. ನಡುವ ಸಿಕ್ಕ ಹಳ್ಳ ಎಲ್ಲಿ ಹೋಗಬೇಕು? ಹಿಂದಕ್ಕ ತಿರಗತೈತಿ. ನಿನ್ನ ಮನಿಗೆ ಹೊಳಿ ಬಾಗಲದಿಂದ ಬರಂಗಿಲ್ಲ. ಕುಣಿಯಿಂದ ಏಳತೈತಿ."

ಅವನು ಹೇಳಿದ್ದು ಖರೆ. ನಾನು ಮದುವೆಯಾಗಿ ಬಂದ ವರ್ಷವೇ ನಮ್ಮ ಕುಣಿಯಲ್ಲಿ ನೀರು ಎದ್ದಿತ್ತು. ಅತ್ತೆ ಮತ್ತು ನಾನು ಕೊಡದಿಂದ ಮೊಗೆದು ಚೆಲ್ಲಿದ್ದೆವು. ಆಮೇಲೆಯೂ ಎರಡು ಸಲ ಎದ್ದಿತ್ತು. ಆದರೆ ಅದನ್ನು ನಾವು ಹೊರಗೆ ಹೇಳುವವರಲ್ಲ. ನಮ್ಮ ನೇಕಾರರಲ್ಲಿ ಹೆಣ್ಣು ಕೊಡುವವರು ಹೊಲ ಕೇಳುವುದಿಲ್ಲ, ಕುಣಿ ಕೇಳುತ್ತಾರೆ. ಕುಣಿಯಲ್ಲಿ ನೀರು ಏಳುವ ಮನೆಗೆ ಮಗಳನ್ನು ಕೊಟ್ಟರೆ ಅವಳ ಕಾಲು ಜನ್ಮವೆಲ್ಲ ತಂಪಿನಲ್ಲಿ, ಬಸಿರು ಬಾಣಂತನದಲ್ಲಿ ವಾತ ಹಿಡಿಯುತ್ತದೆ ಎನ್ನುತ್ತಾರೆ.

ಶಂಕ್ರೆಪ್ಪ ವಿಮೆಯ ಫಾರ್ಮು ತುಂಬಲು ಬಂದದ್ದು ಇಂಥ ಹೊತ್ತಿನಲ್ಲೇ. ನನ್ನ ಮಗ ಪ್ರಭುವಿಗೆ ಬನಹಟ್ಟಿಯ ಹೆಣ್ಣು ಗೊತ್ತು ಮಾಡುತ್ತಿದ್ದೆವು. ನಡುವೆ ನಿಂತು ಮಾತು ಆಡಿಸುತ್ತಿದ್ದ ಗಂಗವ್ವ ಅಂದು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಳು. ಶಂಕ್ರೆಪ್ಪ ಎಂದಿನಂತೆ ಕುಣಿಗೆ ಕೈ ಹಾಕಿದ, ಮಣ್ಣು ಹಿಸುಕಿದ, ಪೆನ್ನು ತೆಗೆದು ಕೇಳಿದ. ಈ ಮನೆಯಲ್ಲಿ ಹಿಂದೆ ಎಂದಾದರೂ ನೀರು ಬಂದಿದೆಯೇ ಎಂದು ಫಾರ್ಮಿನಲ್ಲಿ ಒಂದು ಸಾಲು ಇತ್ತಂತೆ.

"ಇಲ್ಲ," ಎಂದೆ. ಗಂಗವ್ವನಿಗೆ ಕೇಳುವಷ್ಟು ಜೋರಾಗಿ ಎಂದೆ. "ನಮ್ಮ ಕುಣಿ ಬ್ಯಾಸಿಗ್ಯಾಗಿನ ಗಡಿಗಿ ಇದ್ದಂಗ ಒಣಾ ಐತಿ."

ಅವನು ನನ್ನ ಮುಖ ನೋಡಿದ, ಫಾರ್ಮು ಮಡಚಿ ಎದ್ದು ಹೋದ. ಮರುದಿನ ಮತ್ತೆ ಬಂದ. ಪಡಸಾಲೆ, ಅಡುಗೆಮನೆ ಎಲ್ಲ ಕಣ್ಣಾಡಿಸಿ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ನೀರು ಬಂದಿತ್ತು ಎಂದು ಬರೆದರೆ ಕಂತು ಸ್ವಲ್ಪ ಹೆಚ್ಚು ಕಟ್ಟಬೇಕಾಗುತ್ತದೆ, ಅಷ್ಟೇ, ಮುಚ್ಚಿಟ್ಟರೆ ನಾಳೆ ಏನೂ ಸಿಗುವುದಿಲ್ಲ ಎಂದು ಬಿಡಿಸಿ ಹೇಳಿದ.

"ನಿನ್ನಿ ಮಂದಿ ಇದ್ರು ಯಕ್ಕಾ. ಇವತ್ತ ನಾ ಒಬ್ಬಾಂವ ಅದೇನಿ. ಹೇಳ."

ಆಗ ಹೇಳಬಹುದಿತ್ತು. ಕಾಗದದಲ್ಲಿ ಬಂದದ್ದು ನಾಳೆ ಓಣಿಗೆ ಬರುತ್ತದೆ ಎಂದು ನಾನು ಹೆದರಿದೆ. ಒಂದು ಸಲ ಆಡಿದ ಮಾತು ನುಂಗುವ ಜಾಯಮಾನವೂ ನನ್ನದಲ್ಲ. ಎಷ್ಟು ಸಲ ಕೇಳುತ್ತೀಯೋ, ನನ್ನ ಮಾತಿನ ಮೇಲೆ ನಂಬಿಗೆ ಇಲ್ಲವೇ ಎಂದು ಮೇಲೆ ಬಿದ್ದೆ. ಅವನು ಕಿವಿಯ ಪೆನ್ನು ತೆಗೆದ. "ನೀ ಹೇಳಿದ್ದ ಬರೀತೇನಿ ನೋಡು," ಎಂದು ಬರೆದ. ಹಲಗೆಯಲ್ಲಿ ನಮ್ಮ ಮೊಳೆಗೆ ಸುತ್ತಿದ್ದ ಕೆಂಪು ನೂಲನ್ನು ಮಾತ್ರ ಬಿಚ್ಚಲಿಲ್ಲ.

ಆ ವಾರವೇ ನಾನು ಕುಣಿಯ ಗೋಡೆಗೆ ಸಿಮೆಂಟು ಬಳಿಸಿದೆ, ಹಳೆಯ ನೀರಿನ ಗೆರೆಗಳು ಕಾಣಬಾರದೆಂದು. ಹೆಣ್ಣಿನವರು ಬಂದು ಇಣುಕಿ ನೋಡಿ ತಲೆಯಾಡಿಸಿದರು. ಸುನಂದಾ ಸೊಸೆಯಾಗಿ ಬಂದಳು.

ಮುಂದಿನ ಮಳೆಗಾಲದಲ್ಲಿ ಹೊಳೆ ಬಂತು. ಓಣಿಯ ಮಂದಿಯೆಲ್ಲ ಎತ್ತರದಲ್ಲಿರುವ ಶಾಲೆಯ ಕೋಣೆಗಳಲ್ಲಿ ಐದು ದಿನ ಇದ್ದೆವು. ತಿರುಗಿ ಬಂದಾಗ ಮಗ್ಗದ ಕಟ್ಟಿಗೆ ಉಬ್ಬಿ ಬಿರುಕು ಬಿಟ್ಟಿತ್ತು, ಮಗ್ಗಕ್ಕೆ ಹೂಡಿದ್ದ ಹಾಸಿನ ನೂಲಿನ ತುಂಬ ರಾಡಿ. ನನ್ನ ಎದೆ ಒಡೆದದ್ದು ಅದಕ್ಕಲ್ಲ. ಕುಣಿಯ ಸಿಮೆಂಟು ಹಪ್ಪಳದ ಹಾಗೆ ಎದ್ದು ಬಿದ್ದಿತ್ತು. ಕೆಳಗೆ ಹಳೆಯ ಗೆರೆಗಳು, ಒಂದರ ಮೇಲೊಂದು, ಮೂರೂ ಕಾಣುತ್ತಿದ್ದವು.

ಕಂಪನಿಯಿಂದ ತಪಾಸಣೆಗೆ ಬಂದವನು ಕುಣಿಗೆ ಬ್ಯಾಟರಿ ಹಿಡಿದು ನೋಡಿದ. ಇಲ್ಲಿ ಹಿಂದೆಯೂ ನೀರು ಬಂದಿದೆಯಲ್ಲ, ಏಜೆಂಟ ನಿಮ್ಮನ್ನು ಕೇಳಿರಲಿಲ್ಲವೇ ಎಂದು ನನ್ನನ್ನು ಕೇಳಿದ. ಶಂಕ್ರೆಪ್ಪ ಬಾಗಿಲ ಬಳಿ ನಿಂತಿದ್ದ. ಸೊಸೆಯನ್ನು ನೋಡಲು ಬಂದಿದ್ದ ಅವಳ ಅಪ್ಪ, ಅವ್ವ ನನ್ನ ಬೆನ್ನ ಹಿಂದೆ ನಿಂತಿದ್ದರು. ಜಗಳದಲ್ಲಿ ಓಣಿಯನ್ನೇ ಗೆದ್ದ ನನ್ನ ನಾಲಿಗೆ ಅಂದು ಏಳಲಿಲ್ಲ.

"ನಾ ಕೇಳಿರಲಿಲ್ಲರಿ," ಎಂದ ಶಂಕ್ರೆಪ್ಪ. "ನಾನ ಬರಕೊಂಡಿದ್ದೆ."

ನಮಗೆ ವಿಮೆ ಸಿಗಲಿಲ್ಲ. ಸಿಗದಿದ್ದದ್ದು ಸರಿ, ಅದಕ್ಕೆ ನಾನು ಅಳಲಿಲ್ಲ. ಖರೆ ಬರೆಸಿದ ಕೆಂಪು ನೂಲಿನ ಮನೆಗಳಿಗೆ ತಡವಾಗಿಯಾದರೂ ಸಿಕ್ಕಿತು. ಅವನ ಏಜೆನ್ಸಿ ಮಾತ್ರ ಹೋಯಿತು. ಕೇಳದೇ ಸುಳ್ಳು ಬರೆಯುವವನು ಎಂದು ಹೆಸರಾಯಿತು. ಅವನಿಂದ ಮಗ್ಗ ಉಳಿಸಿಕೊಂಡವರೂ ಅವನಿಗೆ ತಮ್ಮ ಕುಣಿ ಮುಟ್ಟಗೊಡಲಿಲ್ಲ. ಅವರು ಹಾಗೆ ಮಾಡುವುದನ್ನು ನೋಡಿಯೂ ನಾನು ಸುಮ್ಮನಿದ್ದೆ. ದೀಪಾವಳಿಯ ಒಳಗೆ ಅವನು ಸಂಸಾರ ಕಟ್ಟಿಕೊಂಡು ಹೆಂಡತಿಯ ತವರು ಬೀಳಗಿಗೆ ಹೋದ.

ಬಹಳ ದಿನದ ಮೇಲೆ ಒಮ್ಮೆ ರೊಟ್ಟಿ ಬಡಿಯುತ್ತ ಸೊಸೆಯ ಮುಂದೆ ಇದನ್ನೆಲ್ಲ ಹೇಳಿಬಿಟ್ಟೆ. ಅವಳು ರೊಟ್ಟಿ ತಿರುವಿ ಹಾಕುತ್ತ, "ನಮ್ಮ ತವರಮನಿ ಕುಣ್ಯಾಗೂ ನೀರ ಏಳತೈತ್ರಿ ಅತ್ತಿ," ಎಂದಳು. "ನಮ್ಮಪ್ಪ ನಿಮ್ಮ ಕುಣಿ ನೋಡಾಕ ಬಂದ ದಿನಾನ ಗುರತ ಹಿಡದಿದ್ದ. ಸಿಮೆಂಟ ಹೊಸಾದೈತಿ, ಇವರೂ ನಮ್ಮಂಥಾವ್ರ ಅಂದಿದ್ದ." ನನ್ನ ಕೈಯ ಹಿಟ್ಟು ಒಣಗಿತು.

ಮರುದಿನ ಬೀಳಗಿಯ ದಾರಿ ಹಿಡಿದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಅವನ ಚುರಮುರಿ, ಬೆಲ್ಲದ ಸಣ್ಣ ಅಂಗಡಿ, ಮೂರು ಮೆಟ್ಟಿಲು ಎತ್ತರದ ಕಟ್ಟೆಯ ಮೇಲೆ. ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಎದ್ದು ನಿಂತ, ಸ್ಟೂಲು ಒರೆಸಿ ಕೊಟ್ಟ. ಆಮೇಲೆ, ಹಳೆಯ ರೂಢಿ ನೋಡಿ, ಕೇಳಿದ.

"ಕುಣಿ ಹಸಿ ಐತೋ ಯಕ್ಕಾ, ಒಣಗೇತೋ?"

"ಹಸಿ ಐತಿ ತಮ್ಮಾ," ಎಂದೆ. "ನಾ ಮದಿವ್ಯಾಗಿ ಬಂದಾಗಿಂದ ಹಸಿನ ಐತಿ."

ಅವನು ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಇಷ್ಟ ಹೇಳಾಕ ಇಲ್ಲಿ ತನಕಾ ಬಂದಿಯೇನ?"

"ಹೂಂ."

"ಆತ ಬಿಡು," ಎಂದ. "ಬರಕೊಳ್ಳಾಕ ಈಗ ನನ್ನ ಕಡೆ ಫಾರ್ಮ ಇಲ್ಲ."

ನಗುತ್ತಲೇ ಹೇಳಿದ. ಬೆಲ್ಲ ಕಟ್ಟಿಕೊಟ್ಟು ಬಸ್ಸಿನ ತನಕ ಬಂದು ಹತ್ತಿಸಿದ. ಮೊಣಕಾಲು ಎಳೆಯುತ್ತ ತಿರುಗಿ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಮುಂದಿನ ಹೊಳೆ ಬರುವ ಹೊತ್ತಿಗೆ ಅವನು ತೀರಿಹೋಗಿದ್ದ.