ಗುಂಡು ತಂದ ಗಂಡ

ಐವತ್ತು ವರ್ಷದಿಂದ ಒಂದೇ ಸುಳ್ಳನ್ನು ಹೇಳಿಕೊಂಡು ಬಂದಿದ್ದೇನೆ. ಬೇರೆ ಸುಳ್ಳುಗಳನ್ನೂ ಹೇಳಿದ್ದೇನೆ, ಆದರೆ ಕಾಲಕ್ಕೆ ತಕ್ಕಂತೆ ಬದಲಾಯಿಸಿದ್ದೇನೆ. ಇದೊಂದನ್ನು ಮಾತ್ರ ಬದಲಾಯಿಸಲಿಲ್ಲ. ನಮ್ಮ ಅಡುಗೆಮನೆಯ ಹಿತ್ತಾಳೆ ಕುಟ್ಟಾಣಿಯನ್ನು ನೋಡಿ ಯಾರು ಕೇಳಿದರೂ, ನಮ್ಮ ಯಜಮಾನರು ಯುದ್ಧದಲ್ಲಿ ಶತ್ರುಗಳಿಂದ ಕಿತ್ತುಕೊಂಡು ಬಂದದ್ದು ಎನ್ನುತ್ತಿದ್ದೆ.

ಇದೆಲ್ಲ ಶುರುವಾದದ್ದು ಒಂದು ಕಾಗದದಿಂದ. ನನಗೆ ಮದುವೆಯಾಗಿ ಎರಡು ವರ್ಷ. ಯಜಮಾನರು ಮಿಲಿಟರಿಯಲ್ಲಿದ್ದರು. ಬಾಂಗ್ಲಾ ಯುದ್ಧ ಮುಗಿದ ಮೇಲೆ ಬರೆದರು: ‘ರಜ ಸಿಕ್ಕಿದೆ. ಗುಂಡು ತರುತ್ತಿದ್ದೇನೆ. ಮನೆಗೆ ಉಪಯೋಗಕ್ಕೆ ಬರುತ್ತದೆ.’

ನಮ್ಮ ಭಾಷೆಯಲ್ಲಿ ಗುಂಡು ಎಂಬುದು ಬಹಳ ಮೋಸದ ಮಾತು. ನಮ್ಮತ್ತೆ ಅದನ್ನು ರುಬ್ಬುವ ಗುಂಡು ಎಂದುಕೊಂಡರು. “ಹೊಸಕೆರೆಹಳ್ಳೀಲಿ ಕಲ್ಲಿಗೇನು ಬರಗಾಲವಾ? ಅಲ್ಲಿಂದ ರೈಲಲ್ಲಿ ಹೊತ್ಕೊಂಡು ಬರ್ತಾನಂತೆ, ದಡ್ಡ ಮುಂಡೇದು!” ಮಾವನವರ ಮುಖ ಅರಳಿತು. “ಸುಮ್ನಿರೇ, ಅದು ಕುಡಿಯೋ ಗುಂಡು. ಮಿಲಿಟರಿ ಮಾಲು.” ನನಗೆ ಮಾತ್ರ ಬಂದೂಕಿನ ಗುಂಡಿನ ಭಯ. ಗುಂಡನ್ನು ಮೈಯೊಳಗೆ ಇಟ್ಟುಕೊಂಡು ಬರುತ್ತಿದ್ದಾರೋ ಏನೋ ಎಂದು. ಆದರೆ ಅದು ಮನೆಗೆ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದೇ ತಿಳಿಯಲಿಲ್ಲ.

ಬಂದರು. ಟ್ರಂಕು ತೆಗೆದರೆ ಗೇಣುದ್ದದ ಹಿತ್ತಾಳೆಯ ಕೊಳವೆ, ದಪ್ಪ ತಳ. ಫಿರಂಗಿ ಗುಂಡು ಹಾರಿಸಿದ ಮೇಲೆ ಉಳಿಯುವ ಖಾಲಿ ಚಿಪ್ಪು ಎಂದರು. ಮಾವನವರು ಅದನ್ನು ಬೋರಲು ಹಾಕಿ ಅಲ್ಲಾಡಿಸಿದರು. ಒಂದು ತೊಟ್ಟೂ ಬೀಳಲಿಲ್ಲ; ಎದ್ದು ಹೊರಗೆ ಹೋದರು.

ಮದುವೆ ಮಾತಿನಲ್ಲಿ ‘ಹುಡುಗ ಮಿಲಿಟರಿ’ ಎಂದಷ್ಟೇ ಹೇಳಿದ್ದರು. ಮಿಲಿಟರಿಯಲ್ಲಿ ಹುಡುಗನ ಕೈಯಲ್ಲಿರುವುದು ಸೌಟು ಎಂದು ಯಾರೂ ಹೇಳಿರಲಿಲ್ಲ. ಇವರು ಅಲ್ಲಿ ಅಡುಗೆಯವರು. ಚಳಿಯಲ್ಲಿ ನೂರಾರು ಜನಕ್ಕೆ ಶುಂಠಿ ಹಾಕಿ ಟೀ ಕಾಯಿಸಬೇಕು, ಕುಟ್ಟಲು ಏನೂ ಇಲ್ಲ. ಮಿಲಿಟರಿ ಸ್ಟೋರಿನವನನ್ನು ಕಾಡಿ ಖಾಲಿ ಚಿಪ್ಪೊಂದನ್ನು ಪಡೆದು ಕತ್ತರಿಸಿಕೊಂಡರು. ಅದೂ ಶತ್ರುಗಳದ್ದಲ್ಲ, ನಮ್ಮವರದ್ದೇ.

ಬೀದಿ ನಲ್ಲಿಯ ಹತ್ತಿರ ಹೆಂಗಸರು ಕೇಳಿದಾಗ ‘ಶುಂಠಿ ಕುಟ್ಟುವುದಕ್ಕೆ’ ಎನ್ನಲು ನಾಲಿಗೆ ಏಳಲಿಲ್ಲ. ‘ಕಿತ್ತುಕೊಂಡು ಬಂದದ್ದು’ ಎಂದುಬಿಟ್ಟೆ. ಇವರ ಕಿವಿಗೆ ಬಿದ್ದಾಗ ನಕ್ಕರು. “ಹಂಗೇ ಹೇಳು. ಸ್ಟೋರಿನವನ ಕೈಯಿಂದ ಒಂದು ಸಾಮಾನು ಕಿತ್ಕೊಳ್ಳೋದು ಯುದ್ಧಕ್ಕಿಂತ ಕಷ್ಟ.”

ಇವರು ಹೋಗಿ ಎಂಟು ವರ್ಷವಾಯಿತು. ಸೊಸೆಗೆ ಮಿಕ್ಸಿ ಇದೆ. ನಾನು ಕಣ್ಣು ಮುಚ್ಚಿದ ಮಾರನೆಯ ದಿನ ಕುಟ್ಟಾಣಿ ಗುಜರಿಗೆ ಹೋಗುತ್ತದೆ. ಅವಳನ್ನು ದೂರುವುದಿಲ್ಲ, ನಮ್ಮತ್ತೆಯ ಬೀಸುಕಲ್ಲನ್ನು ನಾನೇ ಮೋರಿಗೆ ಮೆಟ್ಟಿಲು ಮಾಡಿದವಳು. ಅಷ್ಟರಲ್ಲಿ ತ್ಯಾಗರಾಜನಗರದ ಶೇಷಗಿರಿ ರಾಯರು ಹುಡುಕಿಕೊಂಡು ಬಂದರು. ರಿಟೈರಾದವರು. ಯುದ್ಧಕ್ಕೆ ಹೋದವರು ಮನೆಗೆ ತಂದ ವಸ್ತುಗಳನ್ನು ಸೇರಿಸುವುದು ಅವರ ಹುಚ್ಚು. ನನ್ನ ಸುಳ್ಳು ಅವರ ಕಿವಿಗೂ ಬಿದ್ದಿತ್ತು, ಕುಟ್ಟಾಣಿ ಕೊಡಿ ಎಂದರು.

ಹೆಣ್ಣು ಕೊಡುವ ಮುಂಚೆ ಮನೆ ನೋಡಬೇಕು ಎಂದು ಆಟೋ ಹತ್ತಿ ಹೋದೆ. ಹಾಲಿನಲ್ಲಿ ಗಾಜಿನ ಬೀರು. ಒಳಗೆ ತಗ್ಗು ಬಿದ್ದ ಹೆಲ್ಮೆಟ್ಟು, ಮುಳ್ಳು ಅಲ್ಲಾಡದ ದಿಕ್ಸೂಚಿ, ಪ್ಯಾರಾಚೂಟಿನ ಬಟ್ಟೆ. ಪ್ರತಿಯೊಂದರ ಮುಂದೆಯೂ ರಾಯರ ಮುತ್ತಿನಂಥ ಅಕ್ಷರದ ಚೀಟಿ. ಓದಲು ನನಗೆ ಹೊತ್ತು ಹಿಡಿಯುತ್ತದೆ, ಆದರೂ ಎಲ್ಲವನ್ನೂ ಓದಿದೆ. ಒಂದೊಂದು ಚೀಟಿಯಲ್ಲೂ ಒಂದೊಂದು ಹುಲಿ. ಇಷ್ಟು ಹುಲಿಗಳಿಗೆ ಅನ್ನ ಬೇಯಿಸಿದವನು ಯಾರು ಎಂದು ಯಾವ ಚೀಟಿಯೂ ಹೇಳಲಿಲ್ಲ. ಆಟೋದಲ್ಲಿ ವಾಪಸು ಬರುವಾಗ ಅದೇ ಯೋಚನೆ.

ಮರುವಾರ ರಾಯರು ಭೂತಗನ್ನಡಿ ಹಿಡಿದು ಬಂದರು. ಕುಟ್ಟಾಣಿಯ ತಳವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಅಮ್ಮ, ಇಲ್ಲಿ ನಂಬರು, ಇಸವಿ ಎಲ್ಲ ಇರಬೇಕಿತ್ತಲ್ಲ?”

“ಹುಣಸೆಹಣ್ಣಿಗೆ ಹೋಯ್ತು. ಶುಕ್ರವಾರ ಶುಕ್ರವಾರ ಉಜ್ಜಿದೀನಿ.”

ರಾಯರು ತಲೆಯ ಮೇಲೆ ಕೈ ಇಟ್ಟು ಕುಳಿತರು. ಸ್ವಲ್ಪ ಸುಧಾರಿಸಿಕೊಂಡು ಪೆನ್ನು ತೆಗೆದರು. “ಹೋಗ್ಲಿ, ಚೀಟಿಗೆ ಹೇಳಿ. ಶತ್ರುಗಳಿಂದ ಕಿತ್ಕೊಂಡಿದ್ದು ಅಲ್ವಾ?”

ಹೂಂ ಎಂದಿದ್ದರೆ ನಮ್ಮವರೂ ಹುಲಿಗಳ ಸಾಲಿನಲ್ಲಿ ಕೂರುತ್ತಿದ್ದರು. ಆದರೆ ಆ ಹುಲಿ ಯಾರೋ, ನಾನು ಬಾಳ್ವೆ ಮಾಡಿದವರಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ರಾಯರ ಪೆನ್ನು ನಿಂತಿತು. “ಅಡುಗೆಯವರು ಅಂತ ಬೇಡಮ್ಮ. ‘ಸೇನೆಯಲ್ಲಿ ಸೇವೆ’ ಅಂತ ಹಾಕೋಣ. ಮರ್ಯಾದೆಯಾಗಿರುತ್ತೆ.”

ಕುಟ್ಟಾಣಿಯನ್ನು ಮಡಿಲಿಗೆ ಎಳೆದುಕೊಂಡೆ.

“ರಾಯರೇ, ಬೆಳಿಗ್ಗೆ ಏನು ತಿಂದ್ರಿ?”

“ಉಪ್ಪಿಟ್ಟು.”

“ಮಾಡಿದೋರು?”

“ನಮ್ಮನೆಯವರು.”

“ಹಂಗಂತ ಅವರಿಗೆ ಮರ್ಯಾದೆ ಇಲ್ವಾ? ಬರೆಯೋ ಹಂಗಿದ್ರೆ ಅಡುಗೆಯವರು ಅಂತ ಬರೀರಿ. ಇಲ್ಲಾಂದ್ರೆ ಇದು ಗುಜರಿಗೇ ಹೋಗ್ಲಿ.”

ಬೈದದ್ದು ರಾಯರನ್ನು, ತಗುಲಿದ್ದು ನನಗೆ. ಅವರು ಒಂದು ಚೀಟಿಯಲ್ಲಿ ಮಾಡಹೊರಟದ್ದನ್ನು ನಾನು ಐವತ್ತು ವರ್ಷ ಮಾಡಿದ್ದೆ. ರಾಯರು ಕೊನೆಗೆ ಹೆಸರು ಕೇಳಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿ ನನಗೆ ಅಭ್ಯಾಸವಿಲ್ಲ, ಅಂದು ಹೇಳಿದೆ. ಅವರು ಬರೆದರು: ‘ಚಿಕ್ಕಣ್ಣ, ಮಿಲಿಟರಿ ಅಡುಗೆಯವರು. ಇದರಲ್ಲಿ ಟೀಗೆ ಶುಂಠಿ ಕುಟ್ಟುತ್ತಿದ್ದರು.’

ನಾನು ಅದರಲ್ಲಿ ಏನು ಕುಟ್ಟುತ್ತಿದ್ದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತು ದಿನಕ್ಕೆ ಫೋನು ಬಂತು. ರಾಯರದು ಬೆಳ್ಳುಳ್ಳಿ ಹೊಸಿಲು ದಾಟದ ಮನೆ.

“ಅಮ್ಮ, ಬೀರು ತೆಗೆದ್ರೆ ಘಮ್ ಅಂತ ಬೆಳ್ಳುಳ್ಳಿ! ಹೆಲ್ಮೆಟ್ಟಿಗೂ ಹತ್ತಿದೆ. ನಮ್ಮನೆಯವರು ಬೀರೂನೇ ವರಾಂಡಕ್ಕೆ ಹಾಕಿಸಿದಾರೆ.”

“ಹುಣಸೆಹಣ್ಣು ಹಾಕಿ ಉಜ್ಜಿ.”

“ಅದೂ ಆಯ್ತು.”

“ವಾಪಸ್ ತಂದ್ಕೊಡ್ತೀರಾ?”

“ಛೆ ಛೆ, ಇರ್ಲಿ. ಬಂದೋರೆಲ್ಲ ಮೂಗು ಅರಳಿಸ್ಕೊಂಡು ಸೀದಾ ಅದರ ಹತ್ರಾನೇ ಹೋಗ್ತಾರೆ. ಮೊದ್ಲು ನಿಮ್ಮ ಯಜಮಾನರ ಚೀಟೀನೇ ಓದ್ತಾರೆ.”

ಫೋನು ಇಟ್ಟೆ. ಅಂದು ಮಿಲಿಟರಿಯಲ್ಲಿಯೂ ಹಾಗೇ ಆಗುತ್ತಿದ್ದಿರಬೇಕು. ಬೆಳಗಾದರೆ ಆ ಹುಲಿಗಳೆಲ್ಲ ಮೂಗು ಅರಳಿಸಿಕೊಂಡು ಮೊದಲು ಇವರ ಹತ್ತಿರವೇ ಬರುತ್ತಿದ್ದಿರಬೇಕು.