ಮೂರನೆಯ ಬೇರು

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಹದಿನಾರು ವರ್ಷ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕೂತು ಜನರ ದವಡೆಗಳ ಚಿತ್ರ ತೆಗೆದಳು. ಮೇಲೆ ಅಪ್ಪನ ಹಲ್ಲಿನ ಆಸ್ಪತ್ರೆ, ಕೆಳಗೆ ಸ್ಕ್ಯಾನ್ ಯಂತ್ರ. ಗಂಡ ತೀರಿಕೊಂಡು ನಮ್ಮ ಮನೆಗೆ ಬಂದವಳಿಗೆ ಅಪ್ಪನೇ ಕೆಲಸ ಕಲಿಸಿದ್ದು. ಕೈಯಲ್ಲಿ ಕಸುಬಿತ್ತು, ಸರ್ಟಿಫಿಕೇಟ್ ಇರಲಿಲ್ಲ. ಬೇರೆಲ್ಲೂ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ತಂಗಿಯನ್ನು ದಡ ಸೇರಿಸಿದೆ ಎಂದು ಅಪ್ಪ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಯಾವ ದಡವೋ! ಮನೆಯಲ್ಲೂ ಅಣ್ಣನ ಮಾತೇ, ಕೆಲಸದಲ್ಲೂ ಅಣ್ಣನ ಮಾತೇ.

ಒಂದು ಬೆಳಿಗ್ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಎಂಟು ತಿಂಗಳಲ್ಲಿ ಅಪ್ಪ ಅವಳ ಕೆಳದವಡೆಯ ಒಂದೇ ಹಲ್ಲಿಗೆ ಎರಡು ಸಲ ರೂಟ್ ಕೆನಾಲ್ ಮಾಡಿದ್ದರು. ನೋವು ಜಪ್ಪಯ್ಯ ಅಂದರೂ ಬಿಟ್ಟಿರಲಿಲ್ಲ. "ನೋವಿರೋದು ಹಲ್ಲಲ್ಲಲ್ಲ, ತಲೇಲಿ" ಎಂದು ಅಪ್ಪ ನಕ್ಕರು. ಚೀಟಿ ಬರೆಯುತ್ತಿದ್ದ ನಾನೂ ನಕ್ಕೆ. ಹಲ್ಲು ಕಿತ್ತೇಬಿಡೋಣ, ಅದಕ್ಕೆ ಮೊದಲು ಒಂದು ಸ್ಕ್ಯಾನ್ ಇರಲಿ ಎಂದು ಅವಳನ್ನು ಕೆಳಗೆ ಕಳಿಸಿದರು.

ಅತ್ತೆ ಪರದೆಯ ಮೇಲೆ ಆ ಹಲ್ಲನ್ನು ಎಲ್ಲ ಕಡೆಯಿಂದ ತಿರುಗಿಸಿ, ಪದರ ಪದರವಾಗಿ ನೋಡಿದಳು. ಕೆಳಗಿನ ದವಡೆಹಲ್ಲಿಗೆ ಎರಡು ಬೇರಿರುವುದು ವಾಡಿಕೆ. ಇವಳಿಗೆ ಮೂರಿದ್ದವು. ನಾಲಿಗೆಯ ಕಡೆಗೆ ಕೊಕ್ಕೆಯಂತೆ ಬಾಗಿದ ಸಣ್ಣದೊಂದು ಬೇರು. ಮಾಮೂಲಿ ಎಕ್ಸ್‌ರೇಯಲ್ಲಿ ಅದು ದೊಡ್ಡ ಬೇರಿನ ಹಿಂದೆ ಅಡಗಿಬಿಟ್ಟಿತ್ತು. ಅದರೊಳಗಿನ ನಾಳವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ತುದಿಯಲ್ಲಿ ಕೀವು ಕಟ್ಟಿತ್ತು.

ಅತ್ತೆ ಉಳಿದ ಚಿತ್ರಗಳ ಜೊತೆ ಆ ಬೇರಿನ ಚಿತ್ರವನ್ನೂ ಮುದ್ರಿಸಿ ಮೇಲೆ ತಂದಳು. ನೋಡುತ್ತ ನೋಡುತ್ತ ಅಪ್ಪನ ಕಿವಿ ಕೆಂಪಾಯಿತು. ಆಚೆ ಇದ್ದ ಹೊಲಿಗೆಯವಳಿಗೆ ಕೇಳದಂತೆ ದನಿ ತಗ್ಗಿಸಿದರು.

"ಈ ಹಾಳೆ ತೆಗೆದ್ಬಿಡು. ಉಳಿದಿದ್ದು ಕೊಡು."

"ಅಣ್ಣಾ, ಆ ಬೇರು ಶುಚಿ ಮಾಡಿದ್ರೆ ಹಲ್ಲು ಉಳಿಯುತ್ತೆ."

"ಎರಡು ಸಲ ನೋಡಿದ್ರೂ ನಂಗೆ ಕಾಣ್ಲಿಲ್ಲ ಅಂತ ಊರಿಗೆಲ್ಲ ಸಾರ್ಲಾ? ಹೇಳಿದಷ್ಟು ಮಾಡು."

ಅತ್ತೆ ಹಾಳೆ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು. ಅಪ್ಪ ಕೈಗವಸು ತೊಟ್ಟು, ಕುರ್ಚಿಯಲ್ಲಿ ಒರಗಿದ್ದವಳಿಗೆ ಹೇಳಿದರು: "ಸ್ಕ್ಯಾನಲ್ಲೂ ಏನಿಲ್ಲಮ್ಮ."

ಹೊಲಿಗೆಯವಳು ಅತ್ತೆಯ ಕಡೆ ತಿರುಗಿದಳು. "ನನ್ನ ಗಂಡ ನಂಗೆ ಹುಚ್ಚು ಅಂತಾನೆ. ಅಕ್ಕಾ, ನೀವಾದ್ರೂ ನಿಜ ಹೇಳಿ, ನಂಗೆ ಹುಚ್ಚಾ?"

ಅತ್ತೆ ಅಪ್ಪನ ಕಡೆ ನೋಡದೆ ಹಾಳೆ ತೆಗೆದು ಅವಳ ಮಡಿಲಿಗಿಟ್ಟಳು. "ಇಲ್ಲ ಕಣಮ್ಮಾ. ನಿನ್ನ ನೋವು ಇಲ್ಲಿದೆ ನೋಡು. ಕೀಳಿಸ್ಬೇಡ, ಬೇರೆ ಡಾಕ್ಟರ್ ಹತ್ರ ಹೋಗು."

ಅವಳ ಹಲ್ಲು ಉಳಿಯಿತು. ಅತ್ತೆಗೆ ಮಾತ್ರ ಮತ್ತೆ ನೆಲಮಾಳಿಗೆಯ ಬೀಗದ ಕೈ ಸಿಗಲಿಲ್ಲ. ಹೋಗಲು ಬೇರೆ ಜಾಗವಿಲ್ಲದೆ ನಮ್ಮ ಮನೆಯಲ್ಲೇ ಇದ್ದಾಳೆ. ಅಪ್ಪ ಅವಳೊಡನೆ ಮಾತು ಬಿಟ್ಟು ಎರಡು ವರ್ಷವಾಯಿತು. ಅವರ ತಟ್ಟೆಗೆ ಬಡಿಸುವವಳು ಅವಳೇ.

ಯಂತ್ರವನ್ನು ಈಗ ನಾನು ನೋಡಿಕೊಳ್ಳುತ್ತೇನೆ. ನನಗೂ ಸರ್ಟಿಫಿಕೇಟ್ ಇಲ್ಲ. ಕಳೆದ ವಾರ ಅಪ್ಪ ಒಂದು ಹಾಳೆ ತೋರಿಸಿ "ಇದು ಬೇಡ" ಎಂದರು. ನಾನು ತೆಗೆದೆ. ಮನೆಗೆ ಬಂದು ಅತ್ತೆಯ ಮುಖ ನೋಡಲಾಗಲಿಲ್ಲ.